ಗಣಿಬಾಯಿ ಮುಚ್ಚಿ



ಕೆಜಿಎಫ್‌ನ ಪಾಳುಗಣಿಗಳಿಗೆ ಹುಡುಗರು ಇಳಿಯುತ್ತಿದ್ದಾರೆ. ಕಳೆದ ಭಾನುವಾರ ನಾನೇ ಇಬ್ಬರನ್ನು ಗದರಿಸಿ ವಾಪಸ್ ಕಳಿಸಿದೆ. ಕಾಲಲ್ಲಿ ಹವಾಯಿ ಚಪ್ಪಲಿ, ಬೆಳಕಿಗೆ ಬರೀ ಮೊಬೈಲು. ಲಂಟಾನ ಪೊದೆಯ ಹಿಂದೆ ಬೇಲಿಯ ತಂತಿಯನ್ನು ಯಾರೋ ಕತ್ತರಿಸಿದ್ದರು.

ನಮ್ಮಪ್ಪ ಅದೇ ಗಣಿಯಲ್ಲಿ ದುಡಿದವರು. ಆಗ ಒಳಗೆ ಗಾಳಿ ಹಾಯಿಸುತ್ತಿದ್ದರು, ಪಂಪುಗಳು ನೀರೆತ್ತುತ್ತಿದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಅದೆಲ್ಲ ನಿಂತಿತು. ಆಮ್ಲಜನಕ ಕಡಿಮೆಯಾದದ್ದು ಮೂಗಿಗೆ ತಿಳಿಯುವುದಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಕುಸಿಯುತ್ತಾರೆ, ಎತ್ತಲು ಹೋದವರೂ ಪಕ್ಕದಲ್ಲೇ ಬೀಳುತ್ತಾರೆ. 2020ರಲ್ಲಿ ಮಾರಿಕುಪ್ಪಂನ ಗಣಿಗೆ ಇಳಿದ ಮೂವರು ಸತ್ತದ್ದನ್ನು ಇಷ್ಟು ಬೇಗ ಮರೆತೆವೇ?

ತುಕ್ಕು ಹಿಡಿದ ಬೇಲಿ ಸಾಲದು. ಗಣಿಬಾಯಿಗಳಿಗೆ ಕಾಂಕ್ರೀಟ್ ಮುಚ್ಚಳ ಹಾಕಿಸಿ, ಕನ್ನಡ, ತಮಿಳು ಎರಡರಲ್ಲೂ ಎಚ್ಚರಿಕೆ ಫಲಕ ನಿಲ್ಲಿಸಬೇಕು. ಬೇಸಿಗೆ ರಜೆಗೆ ಮೊದಲೇ ಆಗಲಿ.

– ಗಣಿ ಕಾರ್ಮಿಕರೊಬ್ಬರ ಮಗ, ಕೆಜಿಎಫ್