ವೈ-ಫೈ ಮತ್ತು ಸರದಿಯ ಶಿಸ್ತು

ಮನೆಯಲ್ಲಿ ಅಂತರಜಾಲ ನಿಧಾನವಾದೊಡನೆ ಎಲ್ಲರ ಆಕ್ಷೇಪಣೆಗೆ ಗುರಿಯಾಗುವುದು ಮೂಲೆಯಲ್ಲಿರುವ ರೂಟರ್ ಎಂಬ ಪುಟ್ಟ ಪೆಟ್ಟಿಗೆ. ಹೆಚ್ಚು ಬೆಲೆಯ, ಹೆಚ್ಚು ಆಂಟೆನಾಗಳುಳ್ಳ ಇನ್ನೊಂದನ್ನು ತಂದರೆ ತೊಂದರೆ ನೀಗುವುದೆಂಬ ನಂಬಿಕೆ ಬಲವಾಗಿ ಬೇರೂರಿದೆ. ಈ ನಂಬಿಕೆ ಅರ್ಧಸತ್ಯವೆಂಬುದನ್ನು ಹೇಳಲೇಬೇಕಾಗಿದೆ.

ರೂಟರ್ ಏಕಕಾಲಕ್ಕೆ ಹತ್ತಾರು ಸಾಧನಗಳಿಗೆ ಸೇವೆ ಸಲ್ಲಿಸುವಂತೆ ಕಂಡರೂ, ಬಹುಮಟ್ಟಿಗೆ ಅದು ಸರದಿಯ ಸೇವೆಯೇ ಸರಿ. ಒಂದೇ ರೇಡಿಯೊ ಚಾನೆಲ್‌ನಲ್ಲಿ ಇಬ್ಬರು ಒಮ್ಮೆಗೇ ನುಡಿದರೆ ಇಬ್ಬರ ಸಂದೇಶವೂ ಕೆಡುತ್ತದೆ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಮ್‌ಸನ್ ಅವರ ನೇತೃತ್ವದಲ್ಲಿ ರೂಪುಗೊಂಡು 1971ರಲ್ಲಿ ಕಾರ್ಯಾರಂಭ ಮಾಡಿದ ‘ಅಲೋಹಾನೆಟ್’ ಈ ತೊಡಕನ್ನು ಎದುರಿಸಿತು. ದ್ವೀಪಗಳ ನಡುವಣ ಆ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಬೇಕೆಂದಾಗ ನುಡಿಯಬಹುದಿತ್ತು. ಸಂದೇಶ ಕೆಟ್ಟರೆ ಕೊಂಚ ಕಾಲ ಕಾದು ಮತ್ತೆ ಕಳುಹಿಸಬೇಕಿತ್ತು. ಇಂಥ ಸ್ವೇಚ್ಛೆಯಲ್ಲಿ ಚಾನೆಲ್‌ನ ಸಾಮರ್ಥ್ಯದ ಸುಮಾರು ಶೇಕಡಾ 18 ಭಾಗ ಮಾತ್ರ ಸಾರ್ಥಕವಾದೀತೆಂದು ಗಣಿತ ತೋರಿಸಿತು.

ಆದಕಾರಣವೇ 1997ರಲ್ಲಿ ಹೊರಬಂದ 802.11 ಎಂಬ ವೈ-ಫೈ ನಿಯಮಾವಳಿ, ಮೊದಲು ಆಲಿಸಿ ಬಳಿಕ ನುಡಿಯುವ ಶಿಸ್ತನ್ನು ವಿಧಿಸಿತು. ಸಾಧನವು ಚಾನೆಲ್ ಮೌನವಾಗಿದೆಯೇ ಎಂದು ಗಮನಿಸುತ್ತದೆ, ಮೌನವಿದ್ದಾಗಲೂ ಕ್ಷಣಾಂಶ ಕಾಯುತ್ತದೆ, ಆನಂತರ ಕಳುಹಿಸುತ್ತದೆ. ತಲುಪಿತೆಂಬ ಉತ್ತರ ಬಾರದಿದ್ದರೆ ಇನ್ನೂ ಹೆಚ್ಚು ಕಾಲ ಕಾಯಲು ಸಿದ್ಧವಾಗಿ ಮತ್ತೆ ಯತ್ನಿಸುತ್ತದೆ. ಇದೆಲ್ಲವೂ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ನಡೆದುಹೋಗುವುದರಿಂದ ಸರದಿಯೆಂಬುದೇ ಕಾಣದು.

ಆದರೆ ಸರದಿ ಸಮಾನವಾದ ಮಾತ್ರಕ್ಕೆ ಸಮಯ ಸಮಾನವಾಗದು. 2003ರ 802.11ಜಿ ನಿಯಮಾವಳಿಯನ್ನೇ ನೋಡಬಹುದು. ಸಮೀಪದ ಸಾಧನ ಸೆಕೆಂಡಿಗೆ 54 ಮೆಗಾಬಿಟ್ ವೇಗದಲ್ಲಿ ಕಳುಹಿಸುವಷ್ಟೇ ಮಾಹಿತಿಯನ್ನು, ಎರಡು ಗೋಡೆಗಳಾಚೆ ಕ್ಷೀಣಿಸಿದ ಸಂಕೇತದಿಂದ 6 ಮೆಗಾಬಿಟ್‌ಗೆ ಇಳಿದ ಸಾಧನ ಕಳುಹಿಸಲು ಸುಮಾರು ಒಂಬತ್ತು ಪಟ್ಟು ಕಾಲ ಬೇಕು. ಅಷ್ಟು ಹೊತ್ತು ಉಳಿದವರೆಲ್ಲರೂ ಕಾಯಬೇಕು. ಹೀಗೆ ದೂರದ ಕೋಣೆಯ ಒಂದು ಹಳೆಯ ಫೋನು ಇಡೀ ಮನೆಯ ವೇಗವನ್ನು ಕುಗ್ಗಿಸಬಲ್ಲದು. 2021ರಲ್ಲಿ ಅಂಗೀಕೃತವಾದ 802.11ಎಎಕ್ಸ್ ನಿಯಮಾವಳಿ ಒಂದೇ ಸರದಿಯನ್ನು ಹಲವು ಸಾಧನಗಳಿಗೆ ಹಂಚಿಕೊಡುತ್ತದೆ, ನಿಜ. ಆದರೆ ಆ ಪದ್ಧತಿಯನ್ನು ರೂಟರ್ ಮಾತ್ರವಲ್ಲ, ಸಾಧನವೂ ಬಲ್ಲದಾಗಿರಬೇಕು.

2020ರಲ್ಲಿ ಶಾಲೆಗಳು ಮುಚ್ಚಿ ಮನೆಗಳೇ ತರಗತಿಗಳಾದಾಗ ಈ ಹಂಚಿಕೆಯ ಬೆಲೆ ಎಲ್ಲರಿಗೂ ತಿಳಿಯಿತು. ಅಣ್ಣನ ಚಲನಚಿತ್ರ ತಂಗಿಯ ಪಾಠವನ್ನು ತುಂಡರಿಸುವುದು ಕೇವಲ ಯಂತ್ರದೋಷವಲ್ಲ. ಕದಲದೆ ಒಂದೆಡೆ ಇರುವ ಟೆಲಿವಿಷನ್, ಗಣಕಯಂತ್ರಗಳಿಗೆ ತಂತಿಯ ಸಂಪರ್ಕ ಕೊಟ್ಟರೆ ಚಾನೆಲ್ ಇತರರಿಗೆ ತೆರವಾಗುತ್ತದೆ. ರೂಟರನ್ನು ಮನೆಯ ನಡುವೆ, ತುಸು ಎತ್ತರದಲ್ಲಿ ಇಡುವುದಕ್ಕೆ ಹಣವೇ ಬೇಡ. ನಲವತ್ತು ಮಕ್ಕಳ ಗಣಕ ಕೊಠಡಿಗೆ ನೆರವಾಗಬಯಸುವ ದಾನಿಗಳೂ ದುಬಾರಿ ಪೆಟ್ಟಿಗೆಯೊಂದಕ್ಕಿಂತ ಮೊದಲು ತಂತಿಯ ಜೋಡಣೆಗೆ ಗಮನ ಕೊಡುವುದು ಯೋಗ್ಯ. ತಂತಿ ಕಣ್ಣಿಗೆ ಬೀಳದಿರಬಹುದು. ಅದರ ಫಲ ಮಾತ್ರ ಕೊನೆಯ ಸಾಲಿನ ಮಗುವಿಗೂ ಮುಟ್ಟುತ್ತದೆ.