ಬೆತ್ತಲೆಗೆ ನಿಷೇಧ, ದ್ವೇಷಕ್ಕೆ ಮನ್ನಣೆ

ಆಸ್ಟ್ರೇಲಿಯಾದ ನಾರ್ಮನ್ ಲಿಂಡ್ಸೆಯನ್ನು (1879–1969) ಅಭಿಮಾನಿಗಳು ನೆನೆಯುವುದು ಮಡಿವಂತರನ್ನು ಎದುರು ಹಾಕಿಕೊಂಡ ಕಲಾವಿದನೆಂದು. ಅದರಲ್ಲಿ ಸುಳ್ಳೇನಿಲ್ಲ. ವಿಕ್ಟೋರಿಯಾದ ಕ್ರೆಸ್ವಿಕ್‌ನಲ್ಲಿ ಹುಟ್ಟಿದ ಈತ ಎಣ್ಣೆಬಣ್ಣ, ಜಲವರ್ಣ, ಎಚ್ಚಿಂಗ್, ಶಿಲ್ಪ, ಕಾದಂಬರಿ ಎಲ್ಲಕ್ಕೂ ಕೈ ಹಾಕಿದ. ಆತ ಬರೆದ ಬೆತ್ತಲೆ ಹೆಣ್ಣುಗಳನ್ನು ಕಂಡು ಸಂಭಾವಿತರು ಕಿಡಿಕಾರಿದರು. 1930ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ರೆಡ್‌ಹೀಪ್’ ಕಾದಂಬರಿಯನ್ನು ಅವನ ದೇಶವೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಆದರೆ ಇದು ಅರ್ಧ ಕಥೆ. 1901ರಿಂದ ದಶಕಗಳ ಕಾಲ ಆತ ಸಿಡ್ನಿಯ ‘ದ ಬುಲೆಟಿನ್’ ವಾರಪತ್ರಿಕೆಯ ವ್ಯಂಗ್ಯಚಿತ್ರಕಾರ. ‘ಆಸ್ಟ್ರೇಲಿಯಾ ಬಿಳಿಯರಿಗೆ’ ಎಂದು 1908ರಲ್ಲಿ ತನ್ನ ಧ್ಯೇಯವಾಕ್ಯವನ್ನೇ ಬದಲಿಸಿಕೊಂಡ ಪತ್ರಿಕೆ ಅದು. ಏಷ್ಯನ್ನರು ನುಗ್ಗಿ ಬರುತ್ತಾರೆಂಬ ‘ಹಳದಿ ಭೀತಿ’ಗೆ ರೂಪ ಕೊಟ್ಟ ಕೈಗಳಲ್ಲಿ ಲಿಂಡ್ಸೆಯದೂ ಒಂದು. ಬೆತ್ತಲೆ ಮೈಗೆ ಕೆರಳಿದ ಸಮಾಜಕ್ಕೆ ಈ ಚಿತ್ರಗಳು ಅಶ್ಲೀಲವೆನಿಸಲಿಲ್ಲ. ಅವು ವಾರವಾರ ಮನೆಮನೆಗೆ ಹೋದವು.

‘ಕಾಲವೇ ಹಾಗಿತ್ತು’ ಎಂಬ ಸಮಜಾಯಿಷಿ ಸಿದ್ಧವಾಗಿಯೇ ಇರುತ್ತದೆ. ಬೇರೆಯವರಿಗೆ ಅದು ಒಪ್ಪಬಹುದೇನೋ, ಲಿಂಡ್ಸೆಗೆ ಒಪ್ಪುವುದಿಲ್ಲ. ಕಾಲಕ್ಕೆ ತಲೆಬಾಗಲಿಲ್ಲ ಎಂಬುದೇ ತಾನೇ ಅವನ ಕೀರ್ತಿ? ನಗ್ನತೆಯ ವಿಷಯದಲ್ಲಿ ಕಾಲವನ್ನು ಧಿಕ್ಕರಿಸಿದವನನ್ನು ಜನಾಂಗದ ವಿಷಯದಲ್ಲಿ ಅದೇ ಕಾಲದ ಮರೆಯಲ್ಲಿ ಬಚ್ಚಿಡಲಾಗದು. ವ್ಯಂಗ್ಯಚಿತ್ರಗಳು ಹೊಟ್ಟೆಪಾಡಿನ ಕೆಲಸ, ನಿಜವಾದ ಕಲೆ ಬೇರೆ ಎನ್ನುವವರೂ ಇದ್ದಾರೆ. ಅವರು ಲಿಂಡ್ಸೆ ಬರೆದ 1918ರ ಸೈನ್ಯ ಭರ್ತಿಯ ಪೋಸ್ಟರನ್ನೊಮ್ಮೆ ನೋಡಬೇಕು: ಜರ್ಮನ್ ಶಿರಸ್ತ್ರಾಣ ತೊಟ್ಟ ದೈತ್ಯ, ರಕ್ತ ತೊಟ್ಟಿಕ್ಕುವ ಎರಡೂ ಕೈಗಳಿಂದ ಭೂಗೋಳವನ್ನು ಬಾಚಿಕೊಳ್ಳುತ್ತಿದ್ದಾನೆ, ಬರಹವೆಂದರೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಒಲ್ಲದ ಮನಸ್ಸಿನ ಕೂಲಿಯಾಳು ಹೀಗೆ ಬರೆಯಲಾರ. ತೈಲಚಿತ್ರಗಳಲ್ಲಿ ಮಾಂಸಲ ದೇಹಗಳನ್ನು ಉಬ್ಬಿಸುವ ಕೌಶಲವೇ ಇಲ್ಲಿ ಶತ್ರುವನ್ನು ಮೃಗವಾಗಿಸಿದೆ. ಕುಂಚವನ್ನು ಹೊಗಳಿ ಲೇಖನಿಯನ್ನು ಮರೆತರೆ ಚಿತ್ರಕಾರನನ್ನೇ ಅರ್ಧ ಅಳಿಸಿದಂತೆ.

ಹಾಗೆಂದು ಲಿಂಡ್ಸೆಯನ್ನು ಅಟ್ಟಕ್ಕೆ ಹಾಕಬೇಕೆಂದಲ್ಲ. ನಿಷೇಧದಿಂದ ಯಾರ ತಿಳಿವೂ ಹೆಚ್ಚುವುದಿಲ್ಲ. ಆತ ಮಕ್ಕಳಿಗಾಗಿ 1918ರಲ್ಲಿ ಬರೆದ ‘ದ ಮ್ಯಾಜಿಕ್ ಪುಡ್ಡಿಂಗ್’ ಇಂದಿಗೂ ನಗಿಸುತ್ತದೆ, ನಗಿಸಲಿ. ಬ್ಲೂ ಮೌಂಟನ್ಸ್‌ನ ಫಾಕನ್‌ಬ್ರಿಜ್‌ನಲ್ಲಿರುವ ಅವನ ಮನೆ ಈಗ ಮ್ಯೂಸಿಯಂ, ತೋಟದಲ್ಲಿ ಅವನೇ ಮಾಡಿದ ಶಿಲ್ಪಗಳಿವೆ. ಅಂಥ ಕಡೆಗಳಲ್ಲಿ, ಲಿಂಡ್ಸೆಯ ಪ್ರದರ್ಶನ ಎಲ್ಲೇ ನಡೆದರೂ, ಅಪ್ಸರೆಯರ ಪಕ್ಕದ ಗೋಡೆಯಲ್ಲೇ ‘ಬುಲೆಟಿನ್’ ಪುಟಗಳನ್ನೂ ತೂಗುಹಾಕಬೇಕು.