ಶತಮಾನೋತ್ಸವಕ್ಕೆ ಮುನ್ನ ಪೋಸ್ಟರು ವ್ಯಾಪಾರಕ್ಕೊಂದು ಗೆರೆ

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನಾ’ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ನಟಿಸಿದ ಕನ್ನಡದ ಈ ಮೊದಲ ವಾಕ್ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. 2034ಕ್ಕೆ ಅದಕ್ಕೆ ನೂರು ತುಂಬುತ್ತದೆ. ಆಗ ಉತ್ಸವ ನಡೆಯುತ್ತದೆ, ಸ್ಮರಣ ಸಂಚಿಕೆಗಳು ಬರುತ್ತವೆ, ಪ್ರದರ್ಶನಗಳು ಏರ್ಪಡುತ್ತವೆ. ತೋರಿಸಲು ಚಿತ್ರವೇ ಇಲ್ಲದಿರುವಾಗ ಎಲ್ಲರೂ ಹುಡುಕಿಕೊಂಡು ಹೊರಡುವುದು ಕಾಗದವನ್ನು: ಪೋಸ್ಟರು, ಹಾಡಿನ ಪುಸ್ತಕ, ಸ್ಟಿಲ್ಲು, ಕರಪತ್ರ. ಬೆಲೆ ಏರುವುದು ಖಂಡಿತ. ಏರುವ ಮೊದಲೇ ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಹಳೆಯ ಸಿನಿಮಾ ಪೋಸ್ಟರುಗಳನ್ನು ಮಾರುವ ವ್ಯಾಪಾರಿ ತಾನೂ ಒಬ್ಬ ಸಂಗ್ರಾಹಕನಾಗಿರಬಹುದೇ?

ಆಗಿರಬಹುದು ಎಂಬುದೇ ನಮ್ಮ ಉತ್ತರ. ಆದರೆ ಗುಟ್ಟಾಗಿ ಅಲ್ಲ, ಮಿತಿಯಿಲ್ಲದೆಯೂ ಅಲ್ಲ. ಆ ಮಿತಿ ಯಾವುದೆಂದು ಇವತ್ತಿನವರೆಗೆ ಯಾರೂ ಗಟ್ಟಿಯಾಗಿ ಹೇಳಿಲ್ಲ. ಹಿಂದಿ ಪೋಸ್ಟರುಗಳಿಗೆ ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಇದೆ, ಹರಾಜು ಸಂಸ್ಥೆಗಳಿವೆ, ಹತ್ತಾರು ಜನಕ್ಕೆ ಗೊತ್ತಿರುವ ರೇಟುಗಳಿವೆ. ಕನ್ನಡದ ಪೋಸ್ಟರು ಇನ್ನೂ ಪರಿಚಯದ ಮೇಲೆ, ವಾಟ್ಸಾಪಿನ ಮೇಲೆ ಕೈಬದಲಾಗುತ್ತಿದೆ. ಮಾರುಕಟ್ಟೆ ಚಿಕ್ಕದಿರುವಾಗ ಹಾಕಿಕೊಂಡ ಕಟ್ಟುಪಾಡು ನಿಲ್ಲುತ್ತದೆ. ದೊಡ್ಡ ದುಡ್ಡು ಓಡಾಡತೊಡಗಿದ ಮೇಲೆ ಕಿವಿಗೊಡುವವರಿರುವುದಿಲ್ಲ.

ಪೋಸ್ಟರು ಉಳಿಯಲೆಂದು ಹುಟ್ಟಿದ ವಸ್ತುವಲ್ಲ. ಮದರಾಸಿನಲ್ಲೋ ಶಿವಕಾಶಿಯಲ್ಲೋ ಅಚ್ಚಾಗಿ, ಗಾಂಧಿನಗರದ ಹಂಚಿಕೆದಾರರ ಕಚೇರಿಗೆ ಬಂದು, ಅಲ್ಲಿಂದ ಊರೂರಿನ ಟಾಕೀಸಿಗೆ ಹೋಗಿ, ಮೈದಾ ಅಂಟಿನಲ್ಲಿ ಗೋಡೆಗೆ ಅಂಟಿಕೊಂಡು, ಮಳೆಯಲ್ಲಿ ತೊಳೆದುಹೋಗುವುದೇ ಅದರ ಬದುಕು. ಗೋಡೆಗೆ ಹೋಗದೆ ಮಿಕ್ಕದ್ದು ಕಟ್ಟು ಕಟ್ಟಾಗಿ ಮೂಲೆಯಲ್ಲಿ ಕೂತಿತು. ಕಚೇರಿ ಮುಚ್ಚಿದ ದಿನ ಗುಜರಿಯವನ ತಕ್ಕಡಿಗೆ ಬಿತ್ತು. ಅಲ್ಲಿಂದ ಅದನ್ನು ಎತ್ತಿ ತಂದವರು ಸರ್ಕಾರದವರಲ್ಲ, ವಿಶ್ವವಿದ್ಯಾಲಯದವರೂ ಅಲ್ಲ. ಸಿನಿಮಾ ಹುಚ್ಚಿನ ಕೆಲವರು ಕೈಯಿಂದ ದುಡ್ಡು ಹಾಕಿ ತಂದರು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕಾಗಿ ಪಿ. ಕೆ. ನಾಯರ್ ದೇಶ ಸುತ್ತಿ ರೀಲುಗಳನ್ನು ಕೂಡಿಹಾಕಿದರು. ಕನ್ನಡದ ಕಾಗದಕ್ಕೆ ಅಂಥ ಒಬ್ಬರು ಸಿಗಲಿಲ್ಲ. ಹಾಗಾಗಿ ಇಂದು ಪೋಸ್ಟರು ಮಾರುವವರಲ್ಲಿ ಒಳ್ಳೆಯವರೆಲ್ಲ ಮೊದಲು ಸಂಗ್ರಾಹಕರಾಗಿದ್ದು, ಆಮೇಲೆ ವ್ಯಾಪಾರಕ್ಕಿಳಿದವರೇ. ಅವರ ಕಣ್ಣು ಪಳಗಿದ್ದು ಪ್ರೀತಿಯಿಂದ. ಸಂಗ್ರಹದ ಗಂಧವೇ ಇಲ್ಲದ, ಬರೀ ಲಾಭ ನೋಡುವ ವ್ಯಾಪಾರಿಯ ಕೈಗೆ ಈ ಕಾಗದಗಳನ್ನು ಒಪ್ಪಿಸಬೇಕೆಂದು ನಾವು ಹೇಳುತ್ತಿಲ್ಲ.

ತೊಡಕು ಬೇರೆ ಕಡೆ ಇದೆ. ತಾಲ್ಲೂಕು ಕೇಂದ್ರದಲ್ಲೊಂದು ಹಳೆಯ ಟಾಕೀಸು ಮುಚ್ಚಿತು ಎಂದುಕೊಳ್ಳಿ. ಯಜಮಾನರು ತೀರಿಹೋಗಿದ್ದಾರೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅಟ್ಟದಲ್ಲಿ ಒಂದು ಕಟ್ಟು ಸಿಕ್ಕುತ್ತದೆ. ಯಾರೋ ಹೇಳಿದರೆಂದು ವ್ಯಾಪಾರಿಗೆ ಫೋನು ಮಾಡುತ್ತಾರೆ. ಆತ ಬಂದು ಕಟ್ಟು ಬಿಚ್ಚುತ್ತಾನೆ. ಎಪ್ಪತ್ತರ ದಶಕದ ಹತ್ತಾರು ಪೋಸ್ಟರುಗಳ ನಡುವೆ 1954ರ ‘ಬೇಡರ ಕಣ್ಣಪ್ಪ’ದ್ದೊಂದು ಮೊದಲ ಬಿಡುಗಡೆಯ ಪೋಸ್ಟರು ಇದೆ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಅದು. ಮನೆಯವರಿಗೆ ಅದರ ಬೆಲೆ ಗೊತ್ತಿಲ್ಲ, ಕೋಣೆಯಲ್ಲಿ ಗೊತ್ತಿರುವವನು ಆತನೊಬ್ಬನೇ. ಆತ ಬರೀ ವ್ಯಾಪಾರಿಯಾದರೆ ಅದನ್ನು ಮುಂದೆ ಒಳ್ಳೆಯ ಬೆಲೆಗೆ ಮಾರುತ್ತಾನೆ, ಆ ಬೆಲೆ ನಾಲ್ಕು ಜನಕ್ಕೆ ತಿಳಿಯುತ್ತದೆ, ಮುಂದಿನ ಸಲ ಇಂಥದೇ ಒಂದು ಮನೆಯವರು ಆ ಬೆಲೆ ಹಿಡಿದು ಕೇಳಬಲ್ಲರು. ಸಂಗ್ರಾಹಕನೂ ಆಗಿದ್ದರೆ ಅದು ಮಾರಾಟಕ್ಕೆ ಬರುವುದೇ ಇಲ್ಲ. ಇಡೀ ಕಟ್ಟಿಗೆ ಒಂದು ಮೊತ್ತ ಹೇಳಿ, ಆ ಒಂದನ್ನು ಮನೆಗೆ ಒಯ್ದು, ಉಳಿದದ್ದನ್ನು ಅಂಗಡಿಯಲ್ಲಿಡುತ್ತಾನೆ. ಮನೆಯವರಿಗೆ ತಾವು ಕಳೆದುಕೊಂಡದ್ದು ಏನೆಂದು ಎಂದೂ ತಿಳಿಯುವುದಿಲ್ಲ. ಬೆಲೆ ಕಟ್ಟುವವನೂ ಅವನೇ, ಕೊಳ್ಳುವವನೂ ಅವನೇ, ಬಚ್ಚಿಡುವವನೂ ಅವನೇ.

ನಮ್ಮ ತಕರಾರಿನ ತಿರುಳು ಇದೇ. ಈ ವಿಷಯ ಬಂದಾಗಲೆಲ್ಲ ಕೊಳ್ಳುವ ಗಿರಾಕಿಗೆ ಮೋಸವಾಗದಿರಲಿ ಎಂಬ ಮಾತು ಬರುತ್ತದೆ. ಗಿರಾಕಿ ತಿಳಿದವನು, ತನ್ನ ಜೋಪಾನ ತಾನು ಮಾಡಿಕೊಳ್ಳುತ್ತಾನೆ. ದಿಕ್ಕಿಲ್ಲದವರು ಮಾರುವವರು: ಟಾಕೀಸು ನಡೆಸಿದವರ ಮನೆಯವರು, ಪೋಸ್ಟರು ಅಂಟಿಸುತ್ತಿದ್ದ ಕೂಲಿಯ ಮಕ್ಕಳು, ಪ್ರಚಾರದ ಚಿತ್ರ ಬರೆದ ಕಲಾವಿದರ ಸಂಸಾರಗಳು. ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪ್ರಚಾರಕ್ಕೆಂದು ಬರೆದದ್ದನ್ನು ಇಂದು ಕಲೆಯೆಂದೇ ಜನ ನೋಡುತ್ತಾರೆ. ಹೆಸರು ಉಳಿಯದ ಎಷ್ಟೋ ಕಲಾವಿದರ ಕೆಲಸ ಇಂಥ ಕಟ್ಟುಗಳಲ್ಲೇ ಇದೆ.

ಇನ್ನೊಂದು ಕೇಡು ನಿಧಾನವಾಗಿ ಮೇಲೆ ಬರುತ್ತದೆ. ಒಂದು ಪೋಸ್ಟರಿನ ಐದು ಪ್ರತಿ ಕೈಯಲ್ಲಿಟ್ಟುಕೊಂಡವನು ಒಂದನ್ನು ಮಾತ್ರ ಮಾರುಕಟ್ಟೆಗೆ ಬಿಟ್ಟು ‘ಇದೊಂದೇ ಉಳಿದಿರುವುದು’ ಎನ್ನಬಲ್ಲ. ಆ ಬೆಲೆಯಿಂದ ಉಳಿದ ನಾಲ್ಕರ ಬೆಲೆಯೂ ಏರುತ್ತದೆ. ಅಪರೂಪ ಯಾವುದೆಂದು ಹೇಳುವ ಅಧಿಕಾರ, ಅದು ಅಪರೂಪವಾದರೆ ಲಾಭ ಯಾರಿಗೋ ಅವರ ಕೈಯಲ್ಲೇ ಇರಬಾರದು.

ಅಸಲಿ ನಕಲಿಯ ಮಾತೂ ಇದಕ್ಕೇ ಅಂಟಿಕೊಂಡಿದೆ. ಹಳೆಯ ಪೋಸ್ಟರನ್ನು ಪರೀಕ್ಷಿಸುವವರು ಮೊದಲು ನೋಡುವುದು ನಾಯಕನ ಮುಖವನ್ನಲ್ಲ, ಕೆಳಗಿನ ಅಂಚನ್ನು. ಅಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು, ಊರು ಇರುತ್ತದೆ. ಹಂಚಿಕೆದಾರರ ಹೆಸರು ಮೊದಲ ಬಿಡುಗಡೆಯದ್ದೋ, ವರ್ಷಗಳ ನಂತರದ ಮರುಬಿಡುಗಡೆಯದ್ದೋ ನೋಡುತ್ತಾರೆ. ಆಮೇಲೆ ಭೂತಗನ್ನಡಿ. ಕಲ್ಲಚ್ಚಿನದಾದರೆ ಬಣ್ಣ ಒರಟು ಹರಳಿನಂತೆ ಹರಡಿರುತ್ತದೆ, ಆಫ್‌ಸೆಟ್ಟಿನದಾದರೆ ಸಾಲುಸಾಲು ಚುಕ್ಕಿ. ಕೊನೆಗೆ ಮಡಿಕೆಯ ಗೆರೆ. ಅಸಲಿಯಲ್ಲಿ ಮಡಿಕೆಯ ಜಾಗದಲ್ಲಿ ಕಾಗದವೇ ನವೆದು ಬಿಳಿಚಿರುತ್ತದೆ. ಅಸಲಿಯ ಫೋಟೊ ತೆಗೆದು ಹೊಸದಾಗಿ ಅಚ್ಚು ಹಾಕಿದ ನಕಲಿಯಲ್ಲಿ ಮಡಿಕೆಯೂ ಚಿತ್ರದ ಭಾಗವಾಗಿ ಅಚ್ಚಾಗಿರುತ್ತದೆ. ಬೆರಳಾಡಿಸಿದರೆ ಕಾಗದ ನುಣುಪು. ಈ ವಿದ್ಯೆ ಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅವರೆಲ್ಲ ತಾವೇ ಕೊಳ್ಳುವವರೂ ಆದರೆ, ಎರಡನೆಯ ಅಭಿಪ್ರಾಯ ಕೇಳಲು ಜನ ಯಾರ ಹತ್ತಿರ ಹೋಗಬೇಕು?

ಅಮೆರಿಕದಲ್ಲಿ ಆದದ್ದು ನಮ್ಮ ಕಣ್ಣ ಮುಂದಿದೆ. 1932ರ ‘ದಿ ಮಮ್ಮಿ’ಯ ಪೋಸ್ಟರು 1997ರಲ್ಲಿ 4,53,500 ಡಾಲರಿಗೆ, 1931ರ ‘ಡ್ರಾಕುಲಾ’ದ್ದು 2017ರಲ್ಲಿ 5,25,800 ಡಾಲರಿಗೆ ಹರಾಜಾದವು. ಇವೆರಡರ ನಡುವೆ, 2009ರಲ್ಲಿ, ಅದೇ ಕಾಲದ ಭಯಾನಕ ಚಿತ್ರಗಳ ನಕಲಿ ಪೋಸ್ಟರುಗಳು ಸಂಗ್ರಾಹಕರ ನಡುವೆ ಓಡಾಡುತ್ತಿದ್ದದ್ದು ಬಯಲಾಯಿತು. ಮಾಡಿದವನು ಹೊರಗಿನವನಲ್ಲ, ಅದೇ ವಲಯದಲ್ಲಿ ಸಂಗ್ರಾಹಕನೆಂದು ಗುರುತಿದ್ದವನು. ಮುಂದೆ ನ್ಯಾಯಾಲಯ ಅವನಿಗೆ ಜೈಲು ಶಿಕ್ಷೆ ವಿಧಿಸಿತು. ಸಂಗ್ರಾಹಕರೆಲ್ಲ ಹೀಗೆಂದು ಇದರ ಅರ್ಥವಲ್ಲ. ‘ಅವರೂ ನಮ್ಮಂತೆ ಸಿನಿಮಾ ಪ್ರೇಮಿ’ ಎಂಬ ನಂಬಿಕೆಯೊಂದೇ ಕಾವಲಾದಾಗ ಆ ಕಾವಲು ಸಾಲಲಿಲ್ಲ.

ನಮ್ಮ ಕಾನೂನಿನಿಂದ ಸದ್ಯಕ್ಕೆ ಹೆಚ್ಚು ನೆರವಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ನೂರು ವರ್ಷ ದಾಟಿದ ಕಲಾಕೃತಿಯನ್ನೂ, 75 ವರ್ಷ ದಾಟಿದ ಚಾರಿತ್ರಿಕ ಮಹತ್ವದ ಹಸ್ತಪ್ರತಿ, ದಾಖಲೆಗಳನ್ನೂ ಪುರಾವಸ್ತು ಎನ್ನುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಸಿನಿಮಾ ಪೋಸ್ಟರನ್ನು ಅದು ಹೆಸರಿಸಿಲ್ಲ. 2034ಕ್ಕೆ ಕನ್ನಡದ ಮೊದಲ ಪೋಸ್ಟರುಗಳು ನೂರರ ಗೆರೆಯನ್ನೂ ಮುಟ್ಟುತ್ತವೆ. ಆಗ ಗೊಂದಲ ಏಳುವ ಮೊದಲೇ, ಪೋಸ್ಟರು ಈ ಕಾಯ್ದೆಗೆ ಒಳಪಡುತ್ತದೆಯೇ ಎಂಬುದನ್ನು ಕೇಂದ್ರ ಸರ್ಕಾರ ಸ್ಪಷ್ಟಪಡಿಸಬೇಕು.

ಕಸುಬು ನಡೆಸುವವನು ತನಗಾಗಿಯೂ ಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಬೇರೆ ಕಸುಬುಗಳು ಎಂದೋ ಎದುರಿಸಿವೆ. ಗಿರಾಕಿಯ ದೊಡ್ಡ ಆರ್ಡರು ಬರುವುದು ತಿಳಿದು ದಲ್ಲಾಳಿ ತನಗಾಗಿ ಮೊದಲೇ ಷೇರು ಕೊಳ್ಳುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ ನಿಷೇಧಿಸಿದೆ. ವಸ್ತುಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಮಂಡಳಿಯ ನೀತಿಸಂಹಿತೆ, ಸಿಬ್ಬಂದಿ ತಮ್ಮ ಸಂಸ್ಥೆಯೊಡನೆ ಪೈಪೋಟಿಗಿಳಿದು ಸ್ವಂತಕ್ಕೆ ಸಂಗ್ರಹಿಸಬಾರದು ಎನ್ನುತ್ತದೆ.

ಪೋಸ್ಟರು ವ್ಯಾಪಾರಿಗಳಿಂದ ನಾವು ಕೇಳುವುದು ಹೆಚ್ಚೇನಲ್ಲ. ತಾನು ಸಂಗ್ರಾಹಕನೂ ಹೌದು, ಇಂಥ ಕಾಲದ, ಇಂಥ ನಟರ ಪೋಸ್ಟರುಗಳನ್ನು ತನಗಾಗಿ ಕೊಳ್ಳುತ್ತೇನೆ ಎಂದು ಮಾರುವವರಿಗೆ ಬಾಯಿಬಿಟ್ಟು ಹೇಳಲಿ. ತಾನೇ ಇಟ್ಟುಕೊಳ್ಳಬೇಕೆಂದಿರುವ ಪೋಸ್ಟರಿಗೆ ಬೆಲೆ ಕಟ್ಟುವುದನ್ನು ಇನ್ನೊಬ್ಬರಿಗೆ ಬಿಡಲಿ. ಮಾರಿಕೊಡಿ ಎಂದು ಒಪ್ಪಿಸಿದ್ದನ್ನು ಯಾವ ಕಾರಣಕ್ಕೂ ಸ್ವಂತಕ್ಕೆ ಕೊಳ್ಳದಿರಲಿ. ತನ್ನ ಸಂಗ್ರಹದ ಪಟ್ಟಿಯನ್ನು, ಎಷ್ಟು ಪ್ರತಿ ಇವೆ ಎಂಬುದನ್ನೂ ಸೇರಿಸಿ, ಕೇಳಿದ ಸಂಶೋಧಕರಿಗೆ ತೋರಿಸಲಿ. ಕರ್ನಾಟಕ ಚಲನಚಿತ್ರ ಅಕಾಡೆಮಿ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು, ಒಪ್ಪಿ ಸಹಿ ಹಾಕಿದ ವ್ಯಾಪಾರಿಗಳ ಹೆಸರು ಪ್ರಕಟಿಸಬಹುದು. ಅದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಖರ್ಚೂ ಇಲ್ಲ.

ಇದಕ್ಕೆ ವ್ಯಾಪಾರಿಗಳ ಉತ್ತರ ನಮಗೆ ಗೊತ್ತು. ಮಾರಾಟದಲ್ಲಿ ಸಿಗುವುದು ಬಾಡಿಗೆಗೆ ಸಾಲದು, ಎತ್ತಿಟ್ಟ ನಾಲ್ಕು ಪೋಸ್ಟರೇ ನಮ್ಮ ಪಿಂಚಣಿ ಎನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಹಾಗಾಗಿಯೇ ಸಂಗ್ರಹ ಬಿಡಿ ಎಂದು ನಾವು ಹೇಳುತ್ತಿಲ್ಲ, ಬೆಳಕಿಗೆ ತನ್ನಿ ಎನ್ನುತ್ತಿದ್ದೇವೆ. ಬೆಳಕಿಗೆ ಬಂದ ಸಂಗ್ರಹಕ್ಕೆ ಮುಂದೆ ಬೆಲೆಯೂ ಹೆಚ್ಚು, ಮರ್ಯಾದೆಯೂ ಹೆಚ್ಚು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಿಂದೆ ಟಾಕೀಸು, ಹಂಚಿಕೆ ಕಚೇರಿ, ಟೂರಿಂಗ್ ಟೆಂಟು ನಡೆಸಿದವರಿದ್ದರೆ ಅಟ್ಟದ ಮೇಲೊಮ್ಮೆ ಕಣ್ಣಾಡಿಸಿ. ಕಟ್ಟು ಸಿಕ್ಕಿದರೆ ತೂಕಕ್ಕೆ ಹಾಕಬೇಡಿ. ಪ್ರತಿಯೊಂದನ್ನೂ ಬಿಡಿಸಿ, ಕೆಳಗಿನ ಅಂಚು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೊಳ್ಳಲು ಬಂದವರನ್ನು ಬೆಲೆ ಕೇಳುವ ಮೊದಲು, ‘ಇದು ನಿಮಗೋ, ಮಾರುವುದಕ್ಕೋ?’ ಎಂದು ಕೇಳಿ. ‘ನನಗೇ’ ಎಂದರೆ ಇನ್ನೊಬ್ಬರನ್ನು ಕರೆಸಿ ಬೆಲೆ ಕಟ್ಟಿಸಿದ ಮೇಲೆ ಕೊಡಿ.